ತಾತನ ತಟ್ಟೆಗೆ ಮಾತ್ರ ಪಥ್ಯವೇ?

ಸಂಜೆ ಮಳೆ ಹಿಡಿದಿದೆ. ಅಡುಗೆಮನೆಯಿಂದ ಈರುಳ್ಳಿ ಬಜ್ಜಿಯ ವಾಸನೆ ಪಡಸಾಲೆಯವರೆಗೂ ಬರುತ್ತಿದೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರ ತಟ್ಟೆಯಲ್ಲೂ ಬಿಸಿ ಬಿಸಿ ಬಜ್ಜಿ. ತಾತನ ಮುಂದೆ ಮಾತ್ರ ಎರಡು ಬಿಸ್ಕತ್ತು. ‘ನಿಮಗೆ ಡಾಕ್ಟರು ಬೇಡ ಅಂದಿದ್ದಾರಲ್ಲ ಮಾವ’ ಎನ್ನುತ್ತಾಳೆ ಸೊಸೆ. ತಾತ ಮರುಮಾತಾಡದೆ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತಾರೆ. ಮರುದಿನ ವಾಕಿಂಗ್ ನೆಪದಲ್ಲಿ ಹೋಟೆಲಿಗೆ ಹೋಗಿ ಎರಡು ವಡೆ ತಿಂದು, ಬಾಯೊರೆಸಿಕೊಂಡು ಮನೆಗೆ ಬರುತ್ತಾರೆ.

ಇದು ನಿಮ್ಮ ಮನೆಯ ಕಥೆಯೂ ಆಗಿರಬಹುದು. ನನ್ನ ಪ್ರಶ್ನೆ ಇಷ್ಟೇ: ಆ ಬಜ್ಜಿಯನ್ನು ಕಡಿಮೆ ಮಾಡಬೇಕಾದವರು ಯಾರು? ಎಪ್ಪತ್ತರ ತಾತನೇ, ನಲವತ್ತರ ಮಗನೇ? ಇಬ್ಬರೂ ಎಂಬುದು ನನ್ನ ಉತ್ತರ. ಆದರೆ ಮೊದಲು ಮಗ.

‘ವಯಸ್ಸಾಯಿತಲ್ಲ, ಏನು ತಿಂದರೂ ಮೈಗೆ ಹತ್ತುತ್ತದೆ’ ಎಂದು ನಲವತ್ತರವರು ಹೊಟ್ಟೆ ಸವರಿಕೊಳ್ಳುವುದನ್ನು ನೀವು ನೋಡಿದ್ದೀರಿ. ಇದು ಪೂರ್ತಿ ನಿಜವಲ್ಲ. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಮಾತು ಹೇಳಿತು. ಶರೀರದ ಗಾತ್ರಕ್ಕೆ ಹೋಲಿಸಿದರೆ, ದೇಹ ಶಕ್ತಿಯನ್ನು ಖರ್ಚು ಮಾಡುವ ಪ್ರಮಾಣ 20ರಿಂದ 60 ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. 60ರ ನಂತರ ವರ್ಷಕ್ಕೆ ಶೇ. 0.7ರಷ್ಟು ಇಳಿಯುತ್ತಾ ಹೋಗುತ್ತದೆ. ಅಂದರೆ ನಲವತ್ತರಲ್ಲಿ ಒಲೆ ಆರಿಲ್ಲ. ನಾವು ತುಂಬುವ ಸೌದೆ ಹೆಚ್ಚಾಗಿದೆ. ಇದಕ್ಕೆ ವಯಸ್ಸನ್ನು ದೂರಿ ಫಲವಿಲ್ಲ.

ಸೌದೆ ಹೆಚ್ಚಿದ್ದು ಹೇಗೆ? ನಮ್ಮ ಹಿರಿಯರೂ ಕರಿದ ತಿಂಡಿ ತಿಂದವರೇ. ಆದರೆ ಚಕ್ಕುಲಿಗೆ ಗೋಕುಲಾಷ್ಟಮಿ ಬರಬೇಕಿತ್ತು, ಕಜ್ಜಾಯಕ್ಕೆ ದೀಪಾವಳಿ ಬರಬೇಕಿತ್ತು, ಆಂಬೊಡೆಗೆ ಮನೆಯಲ್ಲೊಂದು ವಿಶೇಷವಿರಬೇಕಿತ್ತು. ಎಣ್ಣೆ ದುಬಾರಿ, ಕೆಲಸ ದೊಡ್ಡದು. ಇಂದು ಬಾಣಲೆ ಇಡುವ ಶ್ರಮವೂ ಬೇಕಿಲ್ಲ. ಬೆಳಿಗ್ಗೆ ಪೂರಿ, ಮಧ್ಯಾಹ್ನ ಹಪ್ಪಳ, ಸಂಜೆ ಪೊಟ್ಟಣದ ಚಿಪ್ಸ್. ಹಬ್ಬದ ತಿಂಡಿ ದಿನದ ತಿಂಡಿಯಾಯಿತು. ನಾಲಿಗೆ ಅದನ್ನು ಹಬ್ಬವೆಂದು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇದೆ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ ಇರುವುದು 4 ಮಾತ್ರ. ಇಡ್ಲಿಯಲ್ಲೂ ವಡೆಯಲ್ಲೂ ಅದೇ ಉದ್ದಿನಬೇಳೆ. ಒಂದು ಹಬೆಯಲ್ಲಿ ಬೆಂದರೆ, ಇನ್ನೊಂದು ಎಣ್ಣೆ ಕುಡಿದು ಮೇಲೆ ಬರುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕೂರಲಾರಂಭಿಸುವುದು ಹರೆಯದಲ್ಲಿಯೇ ಎಂಬುದನ್ನೂ ಮರೆಯಬಾರದು. ಭಾರತೀಯರಿಗೆ ಹೃದಯಾಘಾತವು ಪಾಶ್ಚಾತ್ಯರಿಗಿಂತ ಹಲವು ವರ್ಷ ಮೊದಲೇ ಆಗುತ್ತಿದೆ. ಹೀಗಿರುವಾಗ ಪಥ್ಯವನ್ನು ಅರವತ್ತರ ನಂತರಕ್ಕೆ ಮುಂದೂಡುವುದು, ಮನೆ ಸುಟ್ಟ ಮೇಲೆ ಬಾವಿ ತೋಡಿದಂತೆ.

ಇನ್ನು ತಾತನ ವಿಷಯ. ವಯಸ್ಸಾದವರಿಗೆ ಕರಿದ ತಿಂಡಿಯ ಮೇಲೆ ಆಸೆ ಹೆಚ್ಚಾದರೆ ಅದನ್ನು ಚಪಲವೆಂದು ಹಂಗಿಸಬೇಡಿ. ವಯಸ್ಸಾದಂತೆ ರುಚಿ ಮತ್ತು ವಾಸನೆ ತಿಳಿಯುವ ಶಕ್ತಿ ಕುಂದುತ್ತದೆ. ಕೆಲವು ಔಷಧಿಗಳಿಂದ ಬಾಯಿಯೂ ಒಣಗುತ್ತದೆ. ಸಪ್ಪೆ ಗಂಜಿ ಇನ್ನಷ್ಟು ಸಪ್ಪೆಯಾಗುತ್ತದೆ. ಉಪ್ಪು, ಖಾರ, ಗರಿಗರಿ ಮೂರೂ ಇರುವ ಬಜ್ಜಿ ಮಾತ್ರ ‘ರುಚಿ’ ಅನ್ನಿಸುತ್ತದೆ.

ಆದರೆ ಆಸೆಗೆ ಹೊಟ್ಟೆ ಒಪ್ಪಬೇಕಲ್ಲ? ಜಿಡ್ಡಿನ ಆಹಾರ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅನ್ನನಾಳದ ತುದಿಯ ಬಿಗಿಯೂ ಸಡಿಲಗೊಂಡು ಹುಳಿ ಮೇಲೇರಿ ಎದೆಯುರಿ ಬರುತ್ತದೆ. ಪಿತ್ತಕೋಶದಲ್ಲಿ ಕಲ್ಲಿದ್ದವರಿಗೆ ಕರಿದದ್ದು ತಿಂದ ಮೇಲೆ ಹೊಟ್ಟೆಯ ಬಲಭಾಗದ ಮೇಲ್ಗಡೆ ನೋವು ಕಾಣಿಸಿಕೊಳ್ಳಬಹುದು.

ಇಲ್ಲೊಂದು ಎಚ್ಚರಿಕೆ. ಬಜ್ಜಿ ತಿಂದ ಮೇಲೆ ಬಂದ ಎದೆನೋವೆಲ್ಲ ‘ಗ್ಯಾಸ್’ ಅಲ್ಲ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ತೋಳಿಗೆ, ದವಡೆಗೆ ಹರಡಿದರೆ, ಉಸಿರು ಕಟ್ಟಿದಂತಾದರೆ ಸೋಡಾ ಕುಡಿದು ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿ ಬರುವುದೂ ಉಂಟು. ‘ನಿನ್ನೆ ತಿಂದ ವಡೆ ಅರಗಿಲ್ಲ’ ಎಂದು ಬೆಳಗಿನವರೆಗೆ ಕಾದರೆ ಅಮೂಲ್ಯ ಸಮಯ ಕೈಜಾರಿಹೋಗುತ್ತದೆ. ಕದ್ದು ತಿಂದವರು ಬೈಗುಳಕ್ಕೆ ಹೆದರಿ ನೋವನ್ನೂ ಮುಚ್ಚಿಡುತ್ತಾರೆ. ಮನೆಯ ಪೊಲೀಸುಗಿರಿಯಿಂದ ಆಗುವ ದೊಡ್ಡ ಅಪಾಯವಿದು.

ಹಾಗೆಂದು ಎಲ್ಲ ವೃದ್ಧರಿಗೂ ಎಣ್ಣೆ ವಿಷವೆಂದು ತಿಳಿಯಬೇಡಿ. ಎಪ್ಪತ್ತು ದಾಟಿದವರ ಊಟ ಕಡಿಮೆಯಾಗಿ ತೂಕ ಇಳಿಯುತ್ತಿದ್ದರೆ, ಬಟ್ಟೆ ಸಡಿಲವಾಗುತ್ತಿದ್ದರೆ, ಅಂಥವರಿಗೆ ಕಠಿಣ ಪಥ್ಯವೇ ಹಾನಿ. ಸವೆಯುತ್ತಿರುವ ಮಾಂಸಖಂಡಕ್ಕೆ ಬೇಳೆ, ಮೊಸರು, ಮೊಟ್ಟೆಯಂಥ ಆಹಾರ ಬೇಕು. ಅನ್ನಕ್ಕೆ ಒಂದು ಚಮಚ ತುಪ್ಪವೂ ಇರಲಿ. ತೂಕ ಏಕೆ ಇಳಿಯುತ್ತಿದೆ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ಮೊದಲು ಎಣ್ಣೆಯ ಲೆಕ್ಕ ಹಾಕಿ. ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಎಣ್ಣೆ–ತುಪ್ಪ ಸಾಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಈ ಪ್ರಕಾರ ನಾಲ್ವರು ದೊಡ್ಡವರ ಮನೆಗೆ ತುಪ್ಪ, ಬೆಣ್ಣೆ ಎಲ್ಲ ಸೇರಿ ತಿಂಗಳಿಗೆ ಸುಮಾರು ಮೂರು ಲೀಟರ್. ನಿಮ್ಮ ಮನೆಯ ದಿನಸಿ ಚೀಟಿ ತೆಗೆದು ನೋಡಿ. ಐದು, ಆರು ಲೀಟರ್ ಇದ್ದರೆ ತಪ್ಪು ತಾತನದಲ್ಲ!

ಎರಡನೆಯದು, ಬಾಣಲೆಯಲ್ಲಿ ಉಳಿದ ಎಣ್ಣೆ. ಅದನ್ನು ಡಬ್ಬಿಗೆ ಸುರಿದಿಟ್ಟು ಮತ್ತೆ ಮತ್ತೆ ಕರಿಯಬೇಡಿ. ಸೋಸಿಟ್ಟು ಒಂದೆರಡು ದಿನದೊಳಗೆ ಒಗ್ಗರಣೆಗೆ, ಪಲ್ಯಕ್ಕೆ ಬಳಸಿ. ನೊರೆ ಬಂದ, ಕಪ್ಪಾಗಿ ಅಂಟಾದ, ಬೇಗ ಹೊಗೆಯಾಡುವ ಎಣ್ಣೆಯನ್ನು ಚೆಲ್ಲಿಬಿಡಿ. ಹಲವು ಬಾರಿ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ವಸ್ತುಗಳು ಹೆಚ್ಚುತ್ತವೆಂದೇ ಅವುಗಳಿಗೆ 2018ರ ಜುಲೈನಿಂದ ಶೇ. 25ರ ಮಿತಿ ಹಾಕಲಾಗಿದೆ. ಬೀದಿಬದಿಯ ಬಾಣಲೆಯನ್ನು ಬಣ್ಣ ನೋಡಿಯೇ ಅಳೆಯಬೇಕು.

ಮೂರನೆಯದು, ಎಲ್ಲರಿಗೂ ಒಂದೇ ನಿಯಮ. ವಾರಕ್ಕೊಂದು ದಿನ ಬಾಣಲೆ ಇಡಿ. ಅಂದು ತಾತನಿಗೂ ಎರಡು ಬಜ್ಜಿ, ಮಗನಿಗೂ ಎರಡೇ ಬಜ್ಜಿ. ರಾತ್ರಿ ಊಟಕ್ಕೆ ಬದಲು ಸಂಜೆ ಬೇಗ ತಿಂದರೆ ಹೊಟ್ಟೆಗೆ ಹಗುರ. ಉಳಿದ ದಿನ ಹಪ್ಪಳವನ್ನು ಕೆಂಡದ ಮೇಲೆ ಸುಟ್ಟು ಕೊಡಿ. ಹುರಿದ ಕಡಲೆಕಾಯಿ, ಮಂಡಕ್ಕಿ, ಕೋಸಂಬರಿ ಇರಲಿ. ಸಪ್ಪೆ ಎನ್ನುವ ನಾಲಿಗೆಗೆ ನಿಂಬೆ, ಶುಂಠಿ, ಜೀರಿಗೆ, ಕೊತ್ತಂಬರಿ ಸಾಕಷ್ಟು ರುಚಿ ಕೊಡುತ್ತವೆ. ರಕ್ತದೊತ್ತಡ ಇರುವವರು ಸುಟ್ಟ ಹಪ್ಪಳದಲ್ಲೂ ಉಪ್ಪಿದೆ ಎಂಬುದನ್ನು ಮರೆಯದಿರಲಿ. ಹೃದಯ, ಪಿತ್ತಕೋಶದ ತೊಂದರೆ ಇರುವವರಿಗೆ ಆ ಎರಡು ಬಜ್ಜಿಯೂ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಬೇಡವೆಂದರೆ ಅಂದು ಮನೆಮಂದಿಗೆಲ್ಲ ಬೇರೇನಾದರೂ ಮಾಡಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಊಟಕ್ಕೂ ಸಲ್ಲುತ್ತದೆ. ಇಂದು ಬಜ್ಜಿಗೆ ಕೈಚಾಚುವ ಮೊಮ್ಮಗ ನೋಡಿ ಕಲಿಯುವುದು ತಾತನ ಬಿಸ್ಕತ್ತನ್ನಲ್ಲ, ಅಪ್ಪನ ತಟ್ಟೆಯನ್ನು. ನೀವು ನಲವತ್ತರವರಾಗಿದ್ದರೆ, ಮುಂದಿನ ಸಲ ಅಪ್ಪನ ತಟ್ಟೆಯಿಂದ ಬಜ್ಜಿ ತೆಗೆಯುವ ಮುನ್ನ ನಿಮ್ಮದರಿಂದ ಎರಡು ತೆಗೆದಿಡಿ.