ಪೆರು ದೇಶದವರ ಭೋಜನಶಾಲೆಯಲ್ಲಿ

ಪ್ರತಿ ತಿಂಗಳೂ ಗೋವಿಂದನಹಳ್ಳಿಯ ಜಗಲಿಯ ಮೇಲೆ ಕುಳಿತು ವಾಚಕರೊಡನೆ ನಾಲ್ಕು ಮಾತನಾಡುವುದು ನಮ್ಮ ರೂಢಿಯಷ್ಟೆ. ಈ ಸಲ ಮಾತ್ರ ಅವರನ್ನು ಸಮುದ್ರದಾಚೆಗೆ ಕರೆದೊಯ್ಯಬೇಕಾಗಿದೆ. ಹೋದ ವರ್ಷ ನಾವು ಸಪತ್ನೀಕರಾಗಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮೊಮ್ಮಗನಿಗೆ ಆಗತಾನೆ ಉದ್ಯೋಗವಾಗಿತ್ತು. ಮೊದಲನೆಯ ಸಂಬಳದಲ್ಲಿ ಅಜ್ಜ ಅಜ್ಜಿಯರಿಗೆ ಹೊರಗೆ ಊಟ ಹಾಕಿಸಬೇಕೆಂದು ಅವನ ಹಟ.

ಇದರಲ್ಲಿ ಒಂದು ತೊಡಕಿತ್ತು. ನಮ್ಮ ಗೃಹಿಣಿಗೆ 70 ವರ್ಷ ತುಂಬಿದೆ. ಈವರೆಗೆ ಹೋಟೆಲಿನ ಒಂದು ತುತ್ತನ್ನೂ ಬಾಯಿಗಿಟ್ಟವಳಲ್ಲ. ಕೃಷ್ಣರಾಜಪೇಟೆಗೆ ಹೋದಾಗ ನಾವು ದೋಸೆಯ ಮುಂದೆ ಕುಳಿತರೆ ಆಕೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಾಳೆಯ ಹಣ್ಣು ಸುಲಿಯುತ್ತ ಕುಳಿತಿರುವಳು. ಮೊಮ್ಮಗನಿಗೆ ಇಲ್ಲವೆನ್ನಲಾರದೆ ಹೊರಟಳು. ಚೀಲದೊಳಗೆ ಅವಲಕ್ಕಿಯ ಡಬ್ಬಿ ಇದ್ದುದನ್ನು ನಾವು ಕಂಡೂ ಕಾಣದಂತಿದ್ದೆವು.

ಹುಡುಗನು ಕರೆದೊಯ್ದದ್ದು ಪ್ಯಾಟರ್ಸನ್ ಎಂಬ ನಗರಕ್ಕೆ. ಒಂದು ಕಾಲಕ್ಕೆ ಗಿರಣಿಗಳ ದೆಸೆಯಿಂದ ‘ರೇಷ್ಮೆಯ ನಗರ’ವೆಂದು ಹೆಸರಾಗಿದ್ದ ಊರದು. ದಕ್ಷಿಣ ಅಮೆರಿಕದ ಪೆರು ದೇಶದಿಂದ ಕೆಲಸವನ್ನರಸಿ ಬಂದವರು ಅಲ್ಲಿಯೇ ನೆಲೆಸಿದರು. ಈಗ ಒಂದು ಪೇಟೆಯೇ ಅವರದಾಗಿದೆ. 2016ರಲ್ಲಿ ಅದಕ್ಕೆ ಪೆರು ಚೌಕವೆಂದು ಹೆಸರಿಟ್ಟರು. ಭೋಜನಶಾಲೆ ಚಿಕ್ಕದು, ಬಡಿಸುತ್ತಿದ್ದವಳು ಹೆಚ್ಚುಕಡಮೆ ನಮ್ಮ ವಯಸ್ಸಿನವಳು. ನಮಗೆ ಮೀನು, ಮಾಂಸ, ಮೊಟ್ಟೆ ಕೂಡದೆಂದು ಮೊಮ್ಮಗನು ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್ ಭಾಷೆಯಲ್ಲಿ ತಿಳಿಸಿದನು.

ಆ ದೇಶದವರು ಮೀನಿನ ಅಡಿಗೆಗೆ ಪ್ರಸಿದ್ಧರು. ಹಸಿಯ ಮೀನನ್ನು ನಿಂಬೆಯ ರಸದಲ್ಲಿ ನೆನೆಸುವ ಸೆವಿಚೆ ಅವರ ಹೆಮ್ಮೆ. ಒಲೆ ಬೇಕಿಲ್ಲ, ಹುಳಿಯೇ ಬೆಂಕಿಯ ಕೆಲಸ ಮಾಡುತ್ತದೆ. ಪಕ್ಕದ ಮೇಜಿನಲ್ಲಿ ಅದು ನಡೆದಿತ್ತು. ನಮ್ಮಾಕೆ ಗೋಡೆಯ ಕಡೆಗೆ ತಿರುಗಿ ಕುಳಿತಳು. ನಮಗೆ ಬಂದದ್ದು ಹುರಿದ ಮುಸುಕಿನ ಜೋಳ, ನೇರಿಳೆ ಬಣ್ಣದ ಜೋಳವನ್ನು ಲವಂಗ ದಾಲ್ಚಿನ್ನಿಗಳೊಡನೆ ಕುದಿಸಿದ ಪಾನಕ, ಹಳದಿ ಮೆಣಸಿನಕಾಯಿ ಮತ್ತು ಚೀಸು ಅರೆದ ಗೊಜ್ಜಿನಲ್ಲಿ ಮುಳುಗಿಸಿದ ಬೆಂದ ಆಲೂಗೆಡ್ಡೆ. ಅದರ ಮೇಲೆ ಅರ್ಧ ಮೊಟ್ಟೆ! ಹುಡುಗನ ಮುಖ ಬಾಡಿಹೋಯಿತು. ಮುದುಕಿಯು ತಪ್ಪಾಯಿತೆಂದು ತಟ್ಟೆಯನ್ನೆತ್ತಿಕೊಂಡು ಹೋಗಿ, ಬರಿಯ ಬೆಂದ ಗೆಡ್ಡೆಗಳನ್ನು ಬೇರೊಂದು ತಟ್ಟೆಯಲ್ಲಿ ಉಪ್ಪಿನೊಡನೆ ತಂದಿಟ್ಟಳು.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ತಂದೆಯವರ ಶ್ರಾದ್ಧದ ದಿನ ಆಲೂಗೆಡ್ಡೆಯೂ ಟೊಮಾಟೊ ಹಣ್ಣೂ ಅಡಿಗೆಮನೆಯ ಹೊಸಲು ದಾಟುವಂತಿಲ್ಲ. ಮೆಣಸಿನಕಾಯಿಯ ಸ್ಥಾನದಲ್ಲಿ ಕರಿಮೆಣಸು. ಅವೆಲ್ಲ ಹಿರಿಯರು ಅರಿಯದ ಸೀಮೆಯ ಪದಾರ್ಥಗಳೆಂಬುದು ಕಾರಣ. ಮಾತು ಸುಳ್ಳಲ್ಲ. ನಮ್ಮೂರ ಪಂಚಲಿಂಗೇಶ್ವರನ ಐದು ಗುಡಿಗಳಿಗಾಗಿ 13ನೆಯ ಶತಮಾನದಲ್ಲಿ ರೂವಾರಿ ಮಲ್ಲಿತಮ್ಮನು ಉಳಿ ಹಿಡಿದಾಗ ಅವನ ಬುತ್ತಿಯಲ್ಲಿ ಮೆಣಸಿನಕಾಯಿ ಇದ್ದಿರಲಾರದು. ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮದ ಕರಾವಳಿಗೆ ತಂದದ್ದು 16ನೆಯ ಶತಮಾನದಲ್ಲಿ. ನಮ್ಮವರು ಹೊಸ ಹೆಸರನ್ನು ಹುಡುಕುವ ಗೋಜಿಗೂ ಹೋಗದೆ ಮೆಣಸಿನ ಹೆಸರಿಗೇ ಕಾಯಿಯನ್ನು ಸೇರಿಸಿಬಿಟ್ಟರು! ಆಲೂಗೆಡ್ಡೆಯ ತವರು ಪೆರು ಮತ್ತು ಬೊಲಿವಿಯ ದೇಶಗಳ ನಡುವಣ ಟಿಟಿಕಾಕ ಸರೋವರದ ಸುತ್ತಿನ ಬೆಟ್ಟಗಾಡು. ಅಲ್ಲಿ ಅದು ಸಾವಿರಾರು ವರ್ಷಗಳ ಬೆಳೆ. ಆಂಡೀಸ್ ಪರ್ವತಗಳಲ್ಲಿ ಅದರ ತಳಿಗಳು 4,000ಕ್ಕೂ ಹೆಚ್ಚು. ಅವನ್ನು ಕಾಯ್ದಿಡಲೆಂದು, ಅಭ್ಯಾಸ ಮಾಡಲೆಂದು ಲಿಮಾ ನಗರದಲ್ಲಿ 1971ರಿಂದ ಅಂತಾರಾಷ್ಟ್ರೀಯ ಸಂಸ್ಥೆಯೊಂದಿದೆ. ನಮ್ಮ ನೆರೆಯ ಹಾಸನದ ರೈತರಾದರೋ ಬಿತ್ತನೆಯ ಗೆಡ್ಡೆಗೆ ಪಂಜಾಬಿನ ಜಲಂಧರದ ಕಡೆ ನೋಡಬೇಕು. ಅಂಗಮಾರಿ ರೋಗ ಹೊಕ್ಕರೆ ಹೊಲವೇ ಕರಗಿಹೋಗುತ್ತದೆ.

ಇದನ್ನೆಲ್ಲ ನಾವು ಮೇಜಿನ ಬಳಿಯಲ್ಲಿಯೇ ವಿಸ್ತಾರವಾಗಿ ಹೇಳಿದೆವು. ಕೇಳುತ್ತಿದ್ದವರು ಯಾರೂ ಇರಲಿಲ್ಲ. ನಮ್ಮಾಕೆ ತಟ್ಟೆಯನ್ನೇ ನೋಡುತ್ತಿದ್ದು ಕಡೆಗೆ ಕೇಳಿದಳು: “ಇದು ಇವರಿಗೆ ಹಿರಿಯರ ಕಾಲದ್ದೇ ಆದರೆ, ಇವರು ತಿಥಿಗೆ ಏನು ಬಡಿಸುತ್ತಾರೆ?”

ತಿಥಿಯನ್ನು ಸ್ಪ್ಯಾನಿಷ್ ಭಾಷೆಗೆ ತರುವಲ್ಲಿ ಹುಡುಗನು ಬಹಳ ಬಳಲಿದನು. ಕೊನೆಗೆ ಮುದುಕಿಗೆ ಅರ್ಥವಾಯಿತು. ಕೈ ಒರಸಿಕೊಂಡು ಕುರ್ಚಿಯೆಳೆದು ಕುಳಿತಳು. ನವೆಂಬರ್ 2 ಅವರಲ್ಲಿ ಸತ್ತವರ ದಿನ. ಹೋದವರಿಗೆ ಪ್ರಿಯವಾದದ್ದನ್ನು ಮಾಡಿ ಮೇಜಿನ ಮೇಲಿಡುವರು, ಸಮಾಧಿಗೂ ಒಯ್ಯುವರು. ಆಕೆಯ ತಾಯಿಗೆ ಪ್ರಿಯವಾದದ್ದು ಬೆಟ್ಟದ ಮೇಲೆ ಬೆಳೆಯುವ ಒಂದು ಬಗೆಯ ಆಲೂಗೆಡ್ಡೆ. ಅದು ಇಲ್ಲಿ ಸಿಗದು. ಅಂಗಡಿಯ ಗೆಡ್ಡೆಯನ್ನೇ ಬೇಯಿಸಿಟ್ಟು, ಅಮ್ಮನಿಗೆ ಇದು ರುಚಿಸಿತೋ ಇಲ್ಲವೋ ಎಂದು ವರ್ಷ ವರ್ಷವೂ ಕೊರಗುವಳಂತೆ.

“ಕಾಗೆ ಮುಟ್ಟುತ್ತದೆಯೇ, ಕೇಳು” ಎಂದಳು ನಮ್ಮಾಕೆ. ಈ ಪ್ರಶ್ನೆಯನ್ನು ಮೊಮ್ಮಗನು ಭಾಷಾಂತರಿಸಲಿಲ್ಲ.

ನಮ್ಮ ಗೃಹಿಣಿ ಒಂದು ಗೆಡ್ಡೆಯ ಸಿಪ್ಪೆಯನ್ನು ಸುಲಿದು, ಉಪ್ಪಿಗೆ ಅದ್ದಿ ತಿಂದಳು. ಆಮೇಲೆ ಇನ್ನೊಂದು. ಹುಡುಗನು ಉಸಿರೆತ್ತದೆ ನೋಡುತ್ತಿದ್ದನು. ಕಡೆಯಲ್ಲಿ ಕುಂಬಳಕಾಯಿ ಗೆಣಸುಗಳ ಬಳೆಯಂಥ ಕಜ್ಜಾಯಗಳು ಬೆಲ್ಲದ ಪಾಕದೊಡನೆ ಬಂದವು. ಮಂಡ್ಯದ ಸೀಮೆಯವರು ಬೆಲ್ಲಕ್ಕೆ ಬೆನ್ನು ತಿರುಗಿಸಬಾರದೆಂದು ನಾವು ನಾಲ್ಕನ್ನು ಮುಗಿಸಿದೆವು.

ಹೊರಡುವಾಗ ನಮ್ಮಾಕೆ ಡಬ್ಬಿ ತೆರೆದು ಒಂದು ಹಿಡಿ ಅವಲಕ್ಕಿಯನ್ನು ಮುದುಕಿಯ ಕೈಗೆ ಹಾಕಿದಳು. ಮುದುಕಿಯು ಅದರೊಳಗಿನ ಕಡಲೆಕಾಯಿಯ ಬೀಜವನ್ನು ಆರಿಸಿ ಎತ್ತಿಹಿಡಿದು, “ಇದು ನಮ್ಮದು” ಎಂದು ನಕ್ಕಳು. ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ, ಆ ದೇಶದ ಸಿಪಾನ್ ಎಂಬಲ್ಲಿ 1987ರಲ್ಲಿ ಅಗೆದ ಪ್ರಾಚೀನ ದೊರೆಯ ಸಮಾಧಿಯಲ್ಲಿ ಬೆಳ್ಳಿಬಂಗಾರದ ಕಡಲೆಕಾಯಿಗಳ ಹಾರವೇ ಸಿಕ್ಕಿತು.

ಈ ವರ್ಷದ ಶ್ರಾದ್ಧ ಕಳೆದ ತಿಂಗಳು ಊರಿನಲ್ಲಿ ನಡೆಯಿತು. ಆಲೂಗೆಡ್ಡೆ ಎಂದಿನಂತೆ ಹೊಸಲಿನಾಚೆಯೇ ಉಳಿಯಿತು. ನವೆಂಬರ್ 2 ಯಾವ ವಾರ ಬರುತ್ತದೆಂದು ಮಾತ್ರ ನಮ್ಮಾಕೆ ನಮ್ಮಿಂದ ಪಂಚಾಂಗವನ್ನು ನೋಡಿಸಿ ಕೇಳಿಕೊಂಡಳು.