ಆಟದ ಅಟ್ಟಕ್ಕೆ ಗಾಳಿಯ ಲೆಕ್ಕ

ರಾಣೆಬೆನ್ನೂರಿನಲ್ಲಿ ನನ್ನದು ಕಬ್ಬಿಣದ ಕೆಲಸ. ಗೋದಾಮು, ದನದ ಶೆಡ್ಡು, ಈಚೆಗೆ ಬಯಲು ರಂಗಮಂದಿರಗಳ ಛಾವಣಿ. ಹಾವೇರಿ, ಬ್ಯಾಡಗಿ ಸೀಮೆಯ ಹಳ್ಳಿಗೆ ಒಂದಿಷ್ಟು ಅನುದಾನ ಬಂತೆಂದರೆ ಹಿರಿಯರು ಬಂದು ಕೇಳುತ್ತಾರೆ: ‘ಅಟ್ಟದ ಮ್ಯಾಲೆ ತಗಡು ಹಾಕಿಕೊಡ್ರಿ.’ ಅವರು ಕೇಳುವುದು ನ್ಯಾಯವೇ. ದೊಡ್ಡಾಟ, ಸಾಮಾಜಿಕ ನಾಟಕ ಎಲ್ಲ ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ. ಯುಗಾದಿಯಿಂದ ಬಸವ ಜಯಂತಿ ದಾಟುವ ತನಕ ಆಟದ ಹಂಗಾಮು. ಅಡ್ಡಮಳೆ, ಬಿರುಗಾಳಿಯ ಹಂಗಾಮೂ ಅದೇ. 2023ರ ಜನವರಿಯಲ್ಲಿ ಹಾವೇರಿಯ 86ನೇ ಸಾಹಿತ್ಯ ಸಮ್ಮೇಳನಕ್ಕೆ ಹಾಕಿದ್ದ ಪೆಂಡಾಲು ಏಪ್ರಿಲ್ ಸಂಜೆಯ ಗಾಳಿ ಕಾಣಬೇಕಿರಲಿಲ್ಲ. ಹಳ್ಳಿಯ ಅಟ್ಟ ಕಾಣಲೇಬೇಕು.

ಬ್ಯಾಡಗಿ ತಾಲ್ಲೂಕಿನ ಊರೊಂದರಲ್ಲಿ ಹಾರಿಹೋದ ಛಾವಣಿ ನೋಡಲು ಕರೆದಿದ್ದರು. ಕಂಬಗಳು ನೆಟ್ಟಗಿದ್ದವು. ತಗಡು ಹೊರುವ ಅಡ್ಡಪಟ್ಟಿಗೆ, ಅಂದರೆ ಪರ್ಲಿನ್ನಿಗೆ, ಕೊಕ್ಕೆ ಹಾಕಿದ ಜೆ-ಬೋಲ್ಟುಗಳೂ ಬಿಗಿಯಾಗಿದ್ದವು. ಒಂದೊಂದು ನಟ್ಟಿನ ಕೆಳಗೂ ರೂಪಾಯಿ ನಾಣ್ಯದಷ್ಟು ತಗಡಿನ ಚೂರು ಸಿಕ್ಕಿಕೊಂಡಿತ್ತು. ಮಿಕ್ಕಿದ್ದೆಲ್ಲ ಪಕ್ಕದ ಹೊಲದಲ್ಲಿ ಬಿದ್ದಿತ್ತು. ಗಾಳಿಯ ಸೆಳೆತ ಅಂಚು, ಮೂಲೆಗಳಲ್ಲೇ ಜೋರು. ಅಲ್ಲಿ ಬೋಲ್ಟು ಒತ್ತೊತ್ತಾಗಿ, ಅಗಲ ವಾಷರ್ ಸಮೇತ ಇರಬೇಕಿತ್ತು. ಒಂದು ಚೀಲ ವಾಷರ್‌ಗೆ ಎಷ್ಟು ಮಹಾ ಖರ್ಚು?

ಛಾವಣಿ ಬೀಳಬಾರದೆಂದು ಎಲ್ಲರೂ ನೋಡುತ್ತಾರೆ. ಹಗುರ ಛಾವಣಿಗೆ ಹಾರುವ ಭಯವೇ ದೊಡ್ಡದು. ಗೋಡೆಯಿಲ್ಲದ ಅಟ್ಟದಲ್ಲಿ ಗಾಳಿ ಕೆಳಗಿನಿಂದ ತಳ್ಳುತ್ತದೆ, ಮೇಲಿನಿಂದ ಹೀರುತ್ತದೆ. ಭಾರತೀಯ ಮಾನಕ ಐ.ಎಸ್. 875ರ ಮೂರನೇ ಭಾಗ ಇಡೀ ದೇಶಕ್ಕೆ ಕೊಟ್ಟಿರುವ ಗಾಳಿಯ ಅತಿ ಕಡಿಮೆ ಮೂಲ ವೇಗವೇ ಸೆಕೆಂಡಿಗೆ 33 ಮೀಟರ್. ಅಷ್ಟು ಗಾಳಿಗೆ ಚದರ ಮೀಟರಿಗೆ ಸುಮಾರು 66 ಕೆ.ಜಿ. ಒತ್ತಡ. ಅರ್ಧ ಮಿಲಿಮೀಟರ್ ತಗಡಿನ ತೂಕವೋ, ಚದರ ಮೀಟರಿಗೆ ಐದು ಕೆ.ಜಿ.ಯ ಆಸುಪಾಸು. 10 ಮೀಟರ್ ಉದ್ದ, 8 ಮೀಟರ್ ಅಗಲದ ಛಾವಣಿಯನ್ನು ಐದು ಟನ್ನಿನಷ್ಟು ಬಲ ಮೇಲಕ್ಕೆತ್ತಬಹುದು. ಆ ಬಲ ತಗಡಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಟ್ರಸ್ಸಿಗೆ, ಕಂಬಕ್ಕೆ, ಕೊನೆಗೆ ಪಾಯಕ್ಕೆ ಇಳಿಯಬೇಕು. ನಡುವೆ ಎಲ್ಲಿ ಸಡಿಲವೋ ಅಲ್ಲೇ ಕೀಳುತ್ತದೆ. 2019ರ ಜೂನ್‌ನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯ ಜಸೋಲ್‌ನಲ್ಲಿ ರಾಮಕಥೆ ಕೇಳುತ್ತಿದ್ದವರ ಮೇಲೆ ಬಿರುಗಾಳಿಗೆ ಪೆಂಡಾಲು ಕುಸಿದು 14 ಮಂದಿ ಸತ್ತರು.

ಪಾಯದ ಮಾತು ಬಂದರೆ ನಮ್ಮ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಪೈಲ್ ರೂಢಿಗೆ ತಂದಿತು. ಆ ಗಡ್ಡೆ ಕಂಬವನ್ನು ಮಣ್ಣಿನ ಏರಿಳಿತದಿಂದ ಕಾಯುತ್ತದೆ, ಗಾಳಿ ಕಿತ್ತೆಳೆದಾಗಲೂ ಹಿಡಿದು ನಿಲ್ಲಿಸುತ್ತದೆ. ಹಗುರ ಛಾವಣಿಗೆ ಇದಕ್ಕಿಂತ ಒಳ್ಳೆಯ ಬೇರು ನನಗಂತೂ ಗೊತ್ತಿಲ್ಲ. ಆದರೂ ಹಳ್ಳಿಯ ಅಂದಾಜು ಪತ್ರಿಕೆಗಳಲ್ಲಿ ಬಣ್ಣದ ಶೀಟಿಗೆ, ಮುಂದಿನ ಕಮಾನಿಗೆ, ಹೆಸರಿನ ಫಲಕಕ್ಕೆ ದುಡ್ಡು ಇರುತ್ತದೆ, ಪಾಯಕ್ಕೆ ಉಳಿದದ್ದು.

ಆಡುವವರನ್ನೂ ಯಾರೂ ಕೇಳುವುದಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿ ಕುಣಿಯುವ ಪಾತ್ರಕ್ಕೆ ಎತ್ತರ ಬೇಕು. ಪರದೆ, ಫೋಕಸ್ ಲೈಟು ತೂಗುವುದು ಟ್ರಸ್ಸಿಗೇ; ಆ ಭಾರವೂ ಲೆಕ್ಕಕ್ಕೆ ಬರಬೇಕು. ಬರೀ ತಗಡಿನ ಮೇಲೆ ಮಳೆ ಬಿದ್ದರೆ ಭಾಗವತರ ಪದ ಮುಂದಿನ ಸಾಲಿಗೂ ಕೇಳುವುದಿಲ್ಲ. ಎರಡು ತಗಡಿನ ನಡುವೆ ರಾಕ್‌ವೂಲ್ ಹಾಸಿದರೆ ಸದ್ದು, ಕಾವು ಎರಡೂ ಇಳಿಯುತ್ತವೆ. ಖರ್ಚು ಹೆಚ್ಚು, ಹೌದು. ಕಮಾನು ಬಿಡಿ, ಇದನ್ನು ಹಾಕಿಸಿ.

ಪಂಚಾಯಿತಿಯವರಿಗೂ ಶಾಸಕರಿಗೂ ನನ್ನ ಬೇಡಿಕೆ ಇಷ್ಟು: ಗಾಳಿಯ ಎತ್ತುವ ಬಲದ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಕೆಲಸ ಶುರುವಾಗಬಾರದು. ಪಾಯದ ಗುಂಡಿ ತೋಡಿದ ದಿನ ಕಾಂಕ್ರೀಟ್ ಸುರಿಯುವ ಮೊದಲು ಊರಿನ ಮೇಳದವರನ್ನು ಕರೆದು, ಅವರ ಎದುರೇ ಟೇಪು ಇಳಿಸಿ ಆಳ ಅಳೆಯಿರಿ, ಫೋಟೊ ತೆಗೆದು ಬಿಲ್ಲಿಗೆ ಲಗತ್ತಿಸಿ. ಬಿಲ್ ಪಾಸಾಗುವುದು ಆಮೇಲೆ.