ಉತ್ತರ ಕಳಿಸಬೇಡಿ, ಜೊತೆಗೆ ಕೂರಿ!



ಹತ್ತನೇ ತರಗತಿಯ ಗಣಿತದಲ್ಲಿ ಡುಮ್ಕಿ ಹೊಡೆದ ಹುಡುಗನೊಬ್ಬ ಕೆಲಸ ಕೇಳಿಕೊಂಡು ನಮ್ಮ ಪ್ರೆಸ್ಸಿಗೆ ಬಂದ. ಅವನ ತಾಯಿ ನಮ್ಮಲ್ಲೇ ಬೈಂಡಿಂಗ್ ಮಾಡುವ ಹೆಣ್ಣುಮಗಳು. "ಅಣ್ಣಾ, ಇವನ ತಲೆಗೆ ಲೆಕ್ಕ ಹತ್ತಲ್ಲ. ಫಾರಂ ಮಡಚೋ ಕೆಲಸಕ್ಕಾದ್ರೂ ಹಾಕ್ಕೊಳ್ಳಿ" ಎಂದಳು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಅವನ ಚೀಲದಲ್ಲಿದ್ದ ಗಣಿತದ ನೋಟ್‌ಬುಕ್ ತೆಗೆದು ನೋಡಿದೆ. ದಂಗಾದೆ! ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲ ಲೆಕ್ಕವೂ ಸರಿ. ವರ್ಗ ಸಮೀಕರಣ ಸರಿ, ಸಮಾಂತರ ಶ್ರೇಢಿ ಸರಿ. ಇಷ್ಟೆಲ್ಲ ಬಿಡಿಸಿದವನು ಫೇಲಾದದ್ದು ಹೇಗೋ ಮಾರಾಯ ಎಂದು ಕೇಳಿದೆ.

"ವಾಟ್ಸಾಪ್ ಗ್ರೂಪಲ್ಲಿ ಲೆಕ್ಕದ ಫೋಟೊ ಹಾಕಿದ್ರೆ ಯಾರಾದ್ರೂ ಉತ್ತರ ಕಳಿಸ್ತಾರಣ್ಣ. ನೋಡ್ಕೊಂಡು ಬರ್ಕೋತಿದ್ದೆ" ಅಂದ.

ನೋಡಿದಿರಾ? ಈ ಹುಡುಗನಿಗೆ ಸಹಾಯ ಮಾಡಿದವರು ಒಬ್ಬಿಬ್ಬರಲ್ಲ. ಹತ್ತಾರು ಜನ ತಮ್ಮ ಸಮಯ ಕೊಟ್ಟು, ಪಾಪ, ಪುಣ್ಯದ ಕೆಲಸವೆಂದೇ ಉತ್ತರ ಬರೆದು ಕಳಿಸಿದ್ದಾರೆ. ಎಲ್ಲರೂ ಸೇರಿ ಅವನನ್ನು ಫೇಲು ಮಾಡಿದ್ದಾರೆ!

ಕನ್ನಡದ ಹುಡುಗರೇ, ಈ ಸಂಚಿಕೆಯಲ್ಲಿ ನಾನು ನಿಮ್ಮ ಜೊತೆ ಜಗಳ ಆಡಬೇಕೆಂದಿರುವುದು ಇದೇ ವಿಷಯಕ್ಕೆ. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ಬಿಎಸ್ಸಿ ಮಾಡಿದವರಿದ್ದೀರಿ, ಡಿಪ್ಲೊಮಾ ಮುಗಿಸಿದವರಿದ್ದೀರಿ. ಕೈಯಲ್ಲಿ ಫೋನಿದೆ, ದಿನಕ್ಕೆ ಮುಗಿಸಲಾಗದಷ್ಟು ಡೇಟಾ ಇದೆ. ನಿಮ್ಮ ತಮ್ಮನೋ ತಂಗಿಯೋ, ಊರಿನ ಹುಡುಗನೋ ಬೀಜಗಣಿತದ ಲೆಕ್ಕ ಕಳಿಸಿ "ಅಣ್ಣಾ, ಇದು ಬರ್ತಿಲ್ಲ" ಎಂದರೆ ಏನು ಮಾಡುತ್ತೀರಿ? ಎರಡು ನಿಮಿಷದಲ್ಲಿ ಬಿಡಿಸಿ, ಫೋಟೊ ಹೊಡೆದು, ಕಳಿಸಿ ಕೈ ತೊಳೆದುಕೊಳ್ಳುತ್ತೀರಿ. ಆ ಕೆಲಸಕ್ಕೆ ನೀವೇ ಬೇಕಾ? ಲೆಕ್ಕದ ಫೋಟೊ ತೋರಿಸಿದರೆ ಹಂತ ಹಂತವಾಗಿ ಉತ್ತರ ಉದುರಿಸುವ ಆ್ಯಪ್‌ಗಳು ಬಂದು ಹತ್ತು ವರ್ಷದ ಮೇಲಾಯಿತು. 2022ರ ಕೊನೆಗೆ ಚಾಟ್ ಜಿಪಿಟಿಯೂ ಬಂತು. ಉತ್ತರಕ್ಕೆ ಈಗ ಬರಗಾಲವಿಲ್ಲ. ಬರಗಾಲ ಇರುವುದು ಪಕ್ಕದಲ್ಲಿ ಕೂತು "ಎಲ್ಲಿ ನಿಂತೆ?" ಎಂದು ಕೇಳುವವರಿಗೆ.

ನಾನು ಓದಿದ್ದು ಪಿಯುಸಿ. ಆದರೂ ಆ ಹುಡುಗನನ್ನು ಮುದ್ರಣವಾಗಿ ಬಂದ 16 ಪುಟದ ಹಾಳೆಯ ಮುಂದೆ ನಿಲ್ಲಿಸಿದೆ. ಪ್ರೆಸ್ಸಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಹಾಳೆ ಬಿಡಿಸಿದಾಗ ಪುಟಗಳು ಅಡ್ಡಾದಿಡ್ಡಿ ಇರುತ್ತವೆ. ಮಡಚಿದರೆ ಮಾತ್ರ ಸಾಲಾಗಿ ಬರುತ್ತವೆ. "ಒಂದನೇ ಪುಟದ ಪಕ್ಕ ಯಾವುದಿದೆ ನೋಡು" ಎಂದೆ. "16." "4ರ ಪಕ್ಕ?" "13." "8ರ ಪಕ್ಕ?" "9." ಸ್ವಲ್ಪ ಹೊತ್ತು ನೋಡಿ ಅವನೇ ಹೇಳಿದ: "ಎಲ್ಲಾ ಕೂಡಿದ್ರೆ 17 ಬರುತ್ತಲ್ಲಣ್ಣ!" "8 ಪುಟದ ಫಾರಂ ಆದರೆ?" "9." "32 ಪುಟದ್ದು?" "33. ಎಷ್ಟು ಪುಟವೋ ಅದಕ್ಕೆ ಒಂದು ಕೂಡಿಸ್ಬೇಕು."

"ಆ 'ಎಷ್ಟು ಪುಟವೋ' ಅಂದ್ಯಲ್ಲ, ಅದೇ ಕಣೋ ನಿಮ್ಮ ಮೇಷ್ಟ್ರು ಹೇಳೋ ಎಕ್ಸ್" ಅಂದೆ. ಹುಡುಗನ ಮುಖ ನೀವು ನೋಡಬೇಕಿತ್ತು.

ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಮುಂದಿನ ಪಾಠಕ್ಕೆ ಸಿಕ್ಕಿದವನು ಮದುವೆ ಕಾರ್ಡು ಮಾಡಿಸಲು ಬಂದ ಸಾಫ್ಟ್‌ವೇರ್ ಹುಡುಗ. ಅವನಿರುವುದು ವೈಟ್‌ಫೀಲ್ಡ್, ನಾವಿರುವುದು ಕಾಟನ್‌ಪೇಟೆ. ನಡುವೆ ಬೆಂಗಳೂರಿನ ಟ್ರಾಫಿಕ್ಕು! ಹಾಗಾಗಿ ರಾತ್ರಿ ಎಂಟೂವರೆಗೆ ವಿಡಿಯೊ ಕಾಲ್, ಅರ್ಧ ಗಂಟೆ. ಎರಡು ಪೇಪರ್ ಬಂಡಲುಗಳ ನಡುವೆ ಫೋನು ಸಿಕ್ಕಿಸಿ, ಕ್ಯಾಮೆರಾ ನೋಟ್‌ಬುಕ್ಕಿನ ಕಡೆ ತಿರುಗಿಸಿಟ್ಟೆವು. ಮುಖ ಕಾಣದಿದ್ದರೂ ನಡೆಯುತ್ತದೆ, ಪೆನ್ನು ಕಾಣಬೇಕು. ಹುಡುಗ ಎಲ್ಲಿ ತಡವರಿಸುತ್ತಾನೆ ಎಂದು ತಿಳಿಯುವುದು ಪೆನ್ನು ನಿಂತಾಗಲೇ.

ಮೊದಲ ವಾರ ಈ ಸಾಫ್ಟ್‌ವೇರ್ ಮಹಾಶಯನೂ ಉತ್ತರ ಹೇಳಿ ಬರೆಸುತ್ತಿದ್ದ. ನಾನೇ ಗದರಿಸಿದೆ. ಆಮೇಲೆ ಅವನು ಕಲಿತ, ಹುಡುಗನೂ ಕಲಿತ. ಹೇಗೆ ಎಂದು ಕೇಳಿ. ಲೆಕ್ಕ ಇದು: ಎರಡಂಕಿಯ ಒಂದು ಸಂಖ್ಯೆ. ಅಂಕಿಗಳ ಮೊತ್ತ 9. ಅಂಕಿಗಳನ್ನು ಅದಲು ಬದಲು ಮಾಡಿದರೆ ಸಂಖ್ಯೆ 27ರಷ್ಟು ಹೆಚ್ಚಾಗುತ್ತದೆ. ಆ ಸಂಖ್ಯೆ ಯಾವುದು?

ಹತ್ತರ ಸ್ಥಾನದ್ದು ಎಕ್ಸ್, ಬಿಡಿ ಸ್ಥಾನದ್ದು ವೈ ಎಂದು ಹುಡುಗ ಸರಿಯಾಗೇ ಬರೆದ. ಆಮೇಲೆ ಸಂಖ್ಯೆಯನ್ನು 'ಎಕ್ಸ್ ವೈ' ಎಂದು ಅಂಟಿಸಿ ಬರೆದು ನಿಂತ. ಬೀಜಗಣಿತದಲ್ಲಿ ಹಾಗೆ ಅಂಟಿಸಿದರೆ ಗುಣಾಕಾರವಾಗುತ್ತದೆ. ಸಾವಿರಾರು ಮಕ್ಕಳು ಮುಗ್ಗರಿಸುವ ಜಾಗ ಇದು. "ತಪ್ಪು, 10 ಎಕ್ಸ್ + ವೈ ಅಂತ ಬರ್ಕೋ" ಎಂದರೆ ಬರೆದುಕೊಳ್ಳುತ್ತಾನೆ, ನಾಳೆ ಮರೆಯುತ್ತಾನೆ. ಈ ಸಲ ಅವನು ಹಾಗೆ ಹೇಳಲಿಲ್ಲ.

"47 ರೂಪಾಯಿ ಕೊಡ್ಬೇಕು. ಹತ್ತರ ನೋಟು ಎಷ್ಟು ಕೊಡ್ತೀಯ?" "ನಾಲ್ಕು." "ಚಿಲ್ಲರೆ?" "ಏಳು." "ಎಕ್ಸ್ ನೋಟು, ವೈ ಚಿಲ್ಲರೆ ಇದ್ರೆ ಒಟ್ಟು ಎಷ್ಟು?" ಒಂದು ನಿಮಿಷ ಮೌನ. ಫೋನಿನ ಆ ಕಡೆಯವನೂ ಬಾಯಿ ಬಿಡಲಿಲ್ಲ. "ಹತ್ತು ಎಕ್ಸ್... ಅದಕ್ಕೆ ವೈ ಕೂಡಿಸ್ಬೇಕು!"

ಆಮೇಲಿನದು ಸಲೀಸು. 10 ವೈ + ಎಕ್ಸ್ = 10 ಎಕ್ಸ್ + ವೈ + 27. ಎರಡೂ ಕಡೆ ಕಳೆದರೆ 9 ವೈ – 9 ಎಕ್ಸ್ = 27. ಒಂಬತ್ತರಿಂದ ಭಾಗಿಸಿದರೆ ಅಂಕಿಗಳ ವ್ಯತ್ಯಾಸ 3, ಮೊತ್ತ ಮೊದಲೇ ಗೊತ್ತು, 9. ಅಂಕಿಗಳು 3 ಮತ್ತು 6. ಸಂಖ್ಯೆ 36, ತಿರುಗಿಸಿದರೆ 63. "ತಾಳೆ ನೋಡು" ಎಂದ. 63ರಲ್ಲಿ 36 ಕಳೆದರೆ 27. ಹುಡುಗ ತಾನೇ ಸರಿ ಗುರುತು ಹಾಕಿಕೊಂಡ. ಆ ಒಂದು ನಿಮಿಷದ ಮೌನವನ್ನು ಯಾವ ಆ್ಯಪ್ ಕೊಡುತ್ತದೆ ಹೇಳಿ?

ಇನ್ನೊಂದು ರೋಗ. ಎ ಮತ್ತು ಬಿ ಕೂಡಿಸಿ ವರ್ಗ ಮಾಡು ಎಂದರೆ ಎ ವರ್ಗ ಕೂಡಿಸು ಬಿ ವರ್ಗ ಎಂದು ಬರೆದುಬಿಡುತ್ತಾರೆ. ಬೈಯಬೇಡಿ. ಎ ಜಾಗಕ್ಕೆ 3, ಬಿ ಜಾಗಕ್ಕೆ 4 ಹಾಕಿಸಿ. 7ರ ವರ್ಗ 49. ಅವನು ಬರೆದದ್ದು 9 + 16, ಅಂದರೆ 25. ಉಳಿದ 24 ಎಲ್ಲಿ ಹೋಯಿತು? ಹುಡುಕಲಿ ಬಿಡಿ. 3 ಮತ್ತು 4ರ ಗುಣಲಬ್ಧದ ಎರಡರಷ್ಟು ಎಂದು ಅವನೇ ಹಿಡಿದರೆ ಆ ಸೂತ್ರವನ್ನು ಸಾಯುವ ತನಕ ಮರೆಯಲಾರ.

ಇಷ್ಟಕ್ಕೆಲ್ಲ ದೊಡ್ಡ ಸಂಸ್ಥೆ ಬೇಕು, ದುಡ್ಡು ಬೇಕು ಎನ್ನುತ್ತೀರಾ? 2004ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಸಲ್ಮಾನ್ ಖಾನ್ ಎಂಬ ಹಣಕಾಸು ಕಂಪನಿಯ ನೌಕರನಿದ್ದ. ಶರ್ಟು ಬಿಚ್ಚುವ ಸಿನಿಮಾ ಖಾನ್ ಅಲ್ಲ ಮತ್ತೆ! ದೂರದ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಸೋದರ ಸಂಬಂಧಿ ಹುಡುಗಿಗೆ ಗಣಿತ ಕಷ್ಟವಾಯಿತೆಂದು ಫೋನು ಮತ್ತು ಇಂಟರ್ನೆಟ್ ಮೂಲಕ ಹೇಳಿಕೊಡಲು ಶುರು ಮಾಡಿದ. ಮಿಕ್ಕ ನೆಂಟರ ಮಕ್ಕಳೂ ಸೇರಿಕೊಂಡರು. 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಹಾಕಿದ. ಅದೇ ಇವತ್ತು ಖಾನ್ ಅಕಾಡೆಮಿ. ಅದರ ಗಣಿತ ಪಾಠಗಳು ಕನ್ನಡದಲ್ಲೂ ಸಿಗುತ್ತವೆ, ದುಡ್ಡು ಕೇಳುವುದಿಲ್ಲ. ನಮ್ಮ ಸರ್ಕಾರಿ ಪಠ್ಯಪುಸ್ತಕಗಳಲ್ಲಿ ಅಚ್ಚಾಗುವ ಕ್ಯೂಆರ್ ಕೋಡನ್ನು ಫೋನಿಗೆ ತೋರಿಸಿದರೆ ದೀಕ್ಷಾ ಪಾಠಗಳೂ ತೆರೆಯುತ್ತವೆ. ಇವನ್ನೆಲ್ಲ ಬಳಸಿ. ಆದರೆ ವಿಡಿಯೊಗೆ ಹುಡುಗನ ನೋಟ್‌ಬುಕ್ ಕಾಣುವುದಿಲ್ಲ, ನಿಮಗೆ ಕಾಣುತ್ತದೆ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನಾನು ಹತ್ತರವರೆಗೆ ಕನ್ನಡದಲ್ಲೇ ಓದಿದವನು. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ವಾರವೇ ಬೋರ್ಡಿನ ಮೇಲೆ 'ಕ್ವಾಡ್ರಾಟಿಕ್ ಈಕ್ವೇಷನ್' ಬಂತು. ಅದೇನೋ ಹೊಸ ಭೂತವೆಂದು ಹೆದರಿ ಹಿಂದಿನ ಬೆಂಚಿಗೆ ಹೋದೆ. ಅದು ನನ್ನ ಹಳೆಯ ದೋಸ್ತಿ ವರ್ಗ ಸಮೀಕರಣವೇ ಎಂದು ಯಾರೂ ಹೇಳಲಿಲ್ಲ. ಗೊತ್ತಾಗುವ ಹೊತ್ತಿಗೆ ಅರ್ಧ ವರ್ಷ ಕಳೆದಿತ್ತು. ಹೇಗೋ ಪಿಯುಸಿ ದಾಟಿದೆ, ಇಂಜಿನಿಯರಿಂಗಿನ ಆಸೆ ಅಲ್ಲೇ ಬಿಟ್ಟೆ. ಕನ್ನಡದಲ್ಲಿ ಓದಿದ್ದು ನನ್ನ ತಪ್ಪೂ ಅಲ್ಲ, ಕನ್ನಡದ ತಪ್ಪೂ ಅಲ್ಲ. ಕೈ ಹಿಡಿದು ಸೇತುವೆ ದಾಟಿಸುವವರು ಇರಲಿಲ್ಲ, ಅಷ್ಟೆ.

ಕನ್ನಡಕ್ಕೆ ಗಣಿತ ಹೊಸದೇನಲ್ಲ. ರಾಜಾದಿತ್ಯ 12ನೇ ಶತಮಾನದಲ್ಲೇ 'ವ್ಯವಹಾರಗಣಿತ' ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದಿದ್ದಾನೆ. ಹೊಸದಾಗಿ ಬೇಕಾಗಿರುವುದು ಎರಡೂ ದಡ ಗೊತ್ತಿರುವ ನೀವು. ಕನ್ನಡದಲ್ಲೇ ವಿವರಿಸಿ, ಪಕ್ಕದಲ್ಲಿ ಆ ಇಂಗ್ಲಿಷ್ ಹೆಸರನ್ನೂ ಹೇಳಿಕೊಡಿ. ಅಪವರ್ತನ ಅಂದರೆ ಫ್ಯಾಕ್ಟರ್, ಸಹಗುಣಕ ಅಂದರೆ ಕೋಎಫಿಶಿಯೆಂಟ್. ದಿನಕ್ಕೆ ಎರಡು ಪದ ಸಾಕು.

ಮಾಡಬೇಕಾದ್ದು ಇಷ್ಟೆ. ಒಬ್ಬ ವಿದ್ಯಾರ್ಥಿಯನ್ನು ಹಿಡಿದುಕೊಳ್ಳಿ, ಒಬ್ಬನೇ ಸಾಕು. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ. ಮನೆಯವರ ಫೋನಿಗೇ ಕರೆ ಮಾಡಿ, ಅವರಿಗೆ ತಿಳಿಸಿಯೇ ಮಾಡಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದನ್ನು ಮರೆಯಬೇಡಿ. ಲೆಕ್ಕವನ್ನು ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ನಮ್ಮ ಪ್ರೆಸ್ಸಿನ ಹಳೇ ಫಾಂಟಿನಲ್ಲಿ ಕಳಿಸಿದರೆ ಫೋನಿನಲ್ಲಿ ಬರೀ ಕಾಗೆ ಕಾಲು ಗುಬ್ಬಿ ಕಾಲು ಕಾಣುತ್ತದೆ. ಅದೂ ಆಗದಿದ್ದರೆ ಕೈಯಲ್ಲಿ ಬರೆದು ಫೋಟೊ ಕಳಿಸಿ. "ಇಷ್ಟೂ ಬರಲ್ವಾ?" ಎಂಬ ಮಾತು ಮಾತ್ರ ಬಾಯಿಂದ ಬರಕೂಡದು. ಆ ಮಾತನ್ನು ಅವನು ಆಗಲೇ ಸಾವಿರ ಸಲ ಕೇಳಿದ್ದಾನೆ.

ಗಣಿತ ಒಂದರಲ್ಲಿ ಬಿದ್ದರೆ ಡಿಪ್ಲೊಮಾ ಇಲ್ಲ, ಪಿಯುಸಿ ಇಲ್ಲ. ಬಿದ್ದವನಿಗೆ ಅದೇ ವರ್ಷ ಮತ್ತೆ ಬರೆಯಲು ಅವಕಾಶ ಇದೆ, ಆದರೆ ನಡುವೆ ಸಿಗುವುದು ಕೆಲವೇ ವಾರ. ಆ ವಾರಗಳಲ್ಲಿ ನೀವು ಸಿಗುತ್ತೀರಾ ಎಂಬುದೇ ಪ್ರಶ್ನೆ.

ನಮ್ಮ ಹುಡುಗ ಮತ್ತೆ ಬರೆದ. ಅಂಕ ಎಷ್ಟೆಂದು ಕೇಳಬೇಡಿ, ಹೇಳಿದರೆ ನಗುತ್ತೀರಿ. ಪಾಸಾದ! ಐಟಿಐ ಸೇರಿದ್ದಾನೆ. ಮೊನ್ನೆ ಸಂಜೆ ಪ್ರೆಸ್ಸಿಗೆ ಬಂದವನು ಒಂದು ಮೂಲೆ ಹಿಡಿದು ಕೂತು, ಪೇಪರ್ ಬಂಡಲಿಗೆ ಫೋನು ಒರಗಿಸಿಕೊಂಡು ಯಾರ ಜೊತೆಗೋ ಮಾತಾಡುತ್ತಿದ್ದ. ಚಿಕ್ಕಮ್ಮನ ಮಗಳಂತೆ, ಒಂಬತ್ತನೇ ಕ್ಲಾಸು.

"ನಾನು ಹೇಳಲ್ಲ. ಹತ್ತರ ನೋಟು ಎಷ್ಟು, ಚಿಲ್ಲರೆ ಎಷ್ಟು, ನೀನೇ ಹೇಳು" ಅನ್ನುತ್ತಿದ್ದ.

ಅವನಿಗೆ ಆಗುವುದಾದರೆ ನಿಮಗೇಕೆ ಆಗದು?

– ಸಂಪಾದಕ